ಚಳಿಗಾಲದ ರಜೆಯ ಎರಡು ವಾರ: ಅಮೆರಿಕದ ಕಾಲೇಜು ಅರ್ಜಿ ಮತ್ತು ಮನೆಯ ಹಣದ ಲೆಕ್ಕ

ಕರ್ನಾಟಕದಲ್ಲಿ ಓದಿ ಬೆಳೆದು ಈಗ ಅಮೆರಿಕದಲ್ಲಿ ನೆಲೆಸಿರುವ ಅಪ್ಪ ಅಮ್ಮಂದಿರಿಗೆ ಕಾಲೇಜು ಪ್ರವೇಶ ಎಂದರೆ ಒಂದು ಕ್ರಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಮೊದಲು ಪಿಯುಸಿ ಪರೀಕ್ಷೆ, ಸಿಇಟಿ, ಆಮೇಲೆ ರ‍್ಯಾಂಕ್, ಆಪ್ಷನ್ ಎಂಟ್ರಿ, ಕೊನೆಗೆ ಸೀಟು. ಯಾವ ಸೀಟಿಗೆ ಎಷ್ಟು ಶುಲ್ಕ ಎನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಅಮೆರಿಕದಲ್ಲಿ ಈ ಕ್ರಮವೇ ಬೇರೆ. ಹನ್ನೆರಡನೇ ತರಗತಿ ಅರ್ಧ ಮುಗಿಯುವ ಹೊತ್ತಿಗೆ ಅರ್ಜಿ ಹೋಗಿರಬೇಕು. ಪ್ರತಿ ಕಾಲೇಜೂ ತನ್ನದೇ ಅಳತೆಗೋಲಿನಿಂದ ಅಳೆಯುತ್ತದೆ. ಒಂದೇ ಕಾಲೇಜಿನ ಒಂದೇ ಕೋರ್ಸಿಗೆ ಪಕ್ಕದ ಮನೆಯವರು ಕಟ್ಟುವ ಮೊತ್ತವೇ ಬೇರೆ, ನೀವು ಕಟ್ಟುವ ಮೊತ್ತವೇ ಬೇರೆ.

ಡಿಸೆಂಬರ್ ಕೊನೆಯ ವಾರದಿಂದ ಜನವರಿ ಮೊದಲ ದಿನಗಳವರೆಗಿನ ಚಳಿಗಾಲದ ರಜೆಯಲ್ಲಿ ಈ ಎರಡೂ ಕೆಲಸ ಒಟ್ಟಿಗೆ ಬಂದು ಬೀಳುತ್ತವೆ. ರೆಗ್ಯುಲರ್ ಡಿಸಿಷನ್ ಎಂಬ ಸಾಮಾನ್ಯ ಸುತ್ತಿನ ಅರ್ಜಿಗಳ ಗಡುವು ಹೆಚ್ಚಿನ ಕಡೆ ಜನವರಿ 1ರಿಂದ 15ರೊಳಗೆ ಇರುತ್ತದೆ. ಹಣಕಾಸು ನೆರವಿನ ಅರ್ಜಿಗಳ ಗಡುವು ಅದರ ಬೆನ್ನಿಗೇ ಬರುತ್ತದೆ. ಬಹಳಷ್ಟು ಮನೆಗಳಲ್ಲಿ ರಜೆಯೆಲ್ಲ ಪ್ರಬಂಧ ತಿದ್ದುವುದರಲ್ಲೇ ಕಳೆದುಹೋಗಿ, ಹಣದ ಮಾತು ಏಪ್ರಿಲ್‌ಗೆ ಉಳಿಯುತ್ತದೆ. ಆಗ ಮಗುವಿಗೆ ಸೀಟು ಸಿಕ್ಕಿರುತ್ತದೆ, ಮನಸ್ಸು ಅಲ್ಲೇ ನೆಟ್ಟಿರುತ್ತದೆ, ಮನೆಯಲ್ಲಿ ಅಷ್ಟು ಹಣ ಇರುವುದಿಲ್ಲ. ಈ ನೋವು ತಪ್ಪಿಸಬಹುದಾದದ್ದು. ರಜೆಯ ಅರ್ಧವನ್ನಾದರೂ ಹಣದ ಲೆಕ್ಕಕ್ಕೆ ಮೀಸಲಿಡಿ.

ಶಾಲೆ ಬಾಗಿಲು ಹಾಕುವ ಮುಂಚೆ

ರಜೆ ಶುರುವಾದ ಮೇಲೆ ಶಾಲೆಯ ಕೌನ್ಸೆಲರ್ ಸಿಗುವುದಿಲ್ಲ. ಇಮೇಲ್‌ಗೆ ಉತ್ತರ ಬರುವುದು ಜನವರಿಯಲ್ಲಿ ಶಾಲೆ ತೆರೆದ ಮೇಲೆಯೇ. ಆದ್ದರಿಂದ ಕೊನೆಯ ಶಾಲಾ ವಾರದಲ್ಲಿ ಮೂರು ವಿಷಯ ಖಚಿತವಾಗಬೇಕು. ಪಟ್ಟಿಯಲ್ಲಿರುವ ಎಲ್ಲ ಕಾಲೇಜಿಗೂ ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಂಕಪಟ್ಟಿ) ಕಳಿಸುವ ಕೋರಿಕೆ ಹೋಗಿದೆಯೇ? ಶಿಫಾರಸು ಪತ್ರ ಬರೆಯುವ ಶಿಕ್ಷಕರು ಅದನ್ನು ಅಪ್‌ಲೋಡ್ ಮಾಡಿದ್ದಾರೆಯೇ? ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ಜಾಲತಾಣವಾದ ಕಾಮನ್ ಆಪ್‌ನಲ್ಲಿ ಯಾವ ಶಿಕ್ಷಕರ ಪತ್ರ ಯಾವ ಕಾಲೇಜಿಗೆ ಎಂದು ಜೋಡಿಸಿದ್ದಾಗಿದೆಯೇ? ಮೂರನೆಯದು ಮಗುವೇ ಮಾಡಬೇಕಾದ ಕೆಲಸ. ಶಿಕ್ಷಕರು ಪತ್ರ ಹಾಕಿಬಿಟ್ಟರೆ ಎಲ್ಲ ಕಡೆಗೂ ತಾನಾಗಿ ಹೋಗುತ್ತದೆ ಎಂದು ಸುಮ್ಮನಿರುವ ಮಕ್ಕಳೇ ಹೆಚ್ಚು.

ಶಾಲೆಯ ಕಡೆಯಿಂದ ಬರಬೇಕಾದ ಕಾಗದಗಳು ಒಂದೆರಡು ದಿನ ತಡವಾದರೆ ಸಾಮಾನ್ಯವಾಗಿ ಕಾಲೇಜುಗಳು ತಲೆಕೆಡಿಸಿಕೊಳ್ಳುವುದಿಲ್ಲ. ವಿದ್ಯಾರ್ಥಿಯ ಸ್ವಂತ ಅರ್ಜಿಗೆ ಆ ರಿಯಾಯಿತಿ ಇಲ್ಲ.

ಡಿಸೆಂಬರ್ ಮಧ್ಯದ ಫಲಿತಾಂಶ

ಅರ್ಲಿ, ಅಂದರೆ ರೆಗ್ಯುಲರ್‌ಗಿಂತ ಮುಂಚಿನ ಸುತ್ತಿನಲ್ಲಿ, ಅರ್ಜಿ ಹಾಕಿದ್ದವರಿಗೆ ಸಾಮಾನ್ಯವಾಗಿ ರಜೆಯ ಹೊಸ್ತಿಲಲ್ಲೇ ಉತ್ತರ ಬರುತ್ತದೆ. ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಕ್ಕಿದರೆ ಅದಕ್ಕೆ ಕಟ್ಟುಬಿದ್ದಂತೆ. ಉಳಿದ ಕಾಲೇಜುಗಳಿಗೆ ಹಾಕಿದ ಅರ್ಜಿಗಳನ್ನು ಹಿಂತೆಗೆದುಕೊಳ್ಳಬೇಕು. ಕಾಲೇಜು ಕೊಟ್ಟ ನೆರವು ಸಾಲದೆ ಮನೆಯವರಿಗೆ ಹಣ ಹೊಂದಿಸಲು ಸಾಧ್ಯವೇ ಇಲ್ಲವಾದರೆ ಮಾತ್ರ ಬಿಡುಗಡೆ ಕೇಳಬಹುದು. ಅರ್ಲಿ ಆ್ಯಕ್ಷನ್‌ನಲ್ಲಿ ಆ ಕಟ್ಟುಪಾಡಿಲ್ಲ, ನಿರ್ಧಾರಕ್ಕೆ ಮೇ 1ರವರೆಗೆ ಸಮಯ ಇರುತ್ತದೆ.

ಡೆಫರ್ ಎಂದು ಬಂದರೆ ಅದು ನಿರಾಕರಣೆಯಲ್ಲ. ಅರ್ಜಿಯನ್ನು ರೆಗ್ಯುಲರ್ ಗುಂಪಿನ ಜೊತೆ ಮತ್ತೊಮ್ಮೆ ನೋಡುತ್ತೇವೆ ಎಂದರ್ಥ. ಈಗ ಮಾಡಬೇಕಾದ ಮೊದಲ ಕೆಲಸ, ಆ ಕಾಲೇಜಿನ ಪತ್ರವನ್ನು ಪೂರ್ತಿ ಓದುವುದು. ಕೆಲವರು ಮುಂದುವರಿದ ಆಸಕ್ತಿಯ ಪತ್ರ ಕಳಿಸಿ ಎನ್ನುತ್ತಾರೆ. ಕೆಲವರು ಪೋರ್ಟಲ್‌ನಲ್ಲೇ ಫಾರ್ಮ್ ಕೊಡುತ್ತಾರೆ. ಎಂಐಟಿ ಫೆಬ್ರವರಿಯಲ್ಲಿ ಒಂದು ಫಾರ್ಮ್ ಮೂಲಕ ಮೊದಲ ಸೆಮಿಸ್ಟರ್‌ನ ಗ್ರೇಡ್ ಮತ್ತು ಹೊಸ ವಿಷಯಗಳನ್ನು ಕೇಳುತ್ತದೆ. ಏನೂ ಕಳಿಸಬೇಡಿ ಎನ್ನುವವರೂ ಇದ್ದಾರೆ, ಅಲ್ಲಿಗೆ ಕಳಿಸಬಾರದು. ಪತ್ರ ಬರೆಯುವುದಾದರೆ ಒಂದು ಪುಟ ಸಾಕು: ನವೆಂಬರ್ ನಂತರ ಹೊಸದಾಗಿ ಏನಾಗಿದೆ, ಗ್ರೇಡ್ ಹೇಗಿದೆ, ಸೀಟು ಕೊಟ್ಟರೆ ಬರುತ್ತೀರಾ. ಕೊನೆಯದನ್ನು ನಿಜವಾಗಿದ್ದರೆ ಮಾತ್ರ ಬರೆಯಬೇಕು.

ನಿರಾಕರಣೆ ಬಂದ ಮನೆಯಲ್ಲಿ ಎರಡು ದಿನ ಏನನ್ನೂ ನಿರ್ಧರಿಸದಿರುವುದು ಒಳ್ಳೆಯದು. ಗಾಬರಿಯಲ್ಲಿ ಮಾಡುವ ತಪ್ಪು ಎರಡು ಬಗೆಯದು. ಒಂದು, ಹಣದ ಲೆಕ್ಕ ನೋಡದೆ ಜನವರಿ ಮೊದಲ ವಾರದ ಅರ್ಲಿ ಡಿಸಿಷನ್ ಎರಡನೇ ಸುತ್ತಿಗೆ ಹಾಕಿಬಿಡುವುದು. ಅದೂ ಮೊದಲ ಸುತ್ತಿನಷ್ಟೇ ಕಟ್ಟುಪಾಡಿನದು. ಇನ್ನೊಂದು, ಒಂದೇ ರಾತ್ರಿಯಲ್ಲಿ ಎಂಟು ಹತ್ತು ಹೊಸ ಕಾಲೇಜು ಸೇರಿಸುವುದು. ಕಾಮನ್ ಆಪ್‌ನಲ್ಲಿ 20 ಕಾಲೇಜಿಗೆ ಜಾಗ ಇದೆ, ನಿಜ. ಆದರೆ ಬಹಳಷ್ಟು ಕಾಲೇಜುಗಳು ತಮಗೆಂದೇ ಬರೆಯುವ ಎರಡು ಮೂರು ಪೂರಕ ಪ್ರಬಂಧ ಕೇಳುತ್ತವೆ, ಶುಲ್ಕವೂ ಬೇರೆ. ರಜೆ ಶುರುವಾದ ಮೇಲೆ ಎರಡು ಮೂರಕ್ಕಿಂತ ಹೆಚ್ಚು ಸೇರಿಸಿದರೆ ಇದ್ದ ಅರ್ಜಿಗಳೂ ತೆಳುವಾಗುತ್ತವೆ. ಸೇರಿಸಲೇಬೇಕಿದ್ದರೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ, ಅರಿಜೋನಾ ಸ್ಟೇಟ್‌ನಂತೆ ಅರ್ಜಿ ಬಂದಂತೆ ನಿರ್ಧಾರ ಹೇಳುವ, ಸೀಟು ಸಿಗುವ ಭರವಸೆ ಇರುವ ಜಾಗವನ್ನು ಸೇರಿಸಿ.

ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯವಾದ ಯುಸಿಯ ಅರ್ಜಿಗಳ ಗಡುವು ಈ ಹೊತ್ತಿಗೆ ಮುಗಿದಿರುತ್ತದೆ. ಅಲ್ಲಿಗೆ ಹಾಕಿದವರು ನೆನಪಿಡಬೇಕಾದದ್ದು ಒಂದೇ. ಅರ್ಜಿಯಲ್ಲಿ ತೋರಿಸಿದ ಯಾವುದಾದರೂ ವಿಷಯ ಬಿಟ್ಟಿದ್ದರೆ, ಅಥವಾ ಡಿ, ಎಫ್ ಗ್ರೇಡ್ ಬಂದಿದ್ದರೆ ಅದನ್ನು ವಿದ್ಯಾರ್ಥಿಯೇ ತಿಳಿಸಬೇಕು.

ಅರ್ಜಿಯೊಳಗೆ ಎಲ್ಲಿ ಎಡವುತ್ತಾರೆ

ಮುಖ್ಯ ಪ್ರಬಂಧ ಈ ವೇಳೆಗೆ ಸಿದ್ಧವಿರುತ್ತದೆ ಎಂದಿಟ್ಟುಕೊಳ್ಳೋಣ. ಮಿತಿ 650 ಪದ. ನಮ್ಮ ಮನೆಗಳ ಮಕ್ಕಳು ಬರೆಯುವ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವುದು, ಅಪ್ಪ ಎರಡು ಸೂಟ್‌ಕೇಸ್ ಹಿಡಿದು ಬಂದು ಕಷ್ಟಪಟ್ಟು ಮೇಲೆ ಬಂದ ಕಥೆ. ಅಪ್ಪನ ಶ್ರಮ ದೊಡ್ಡದೇ. ಆದರೆ ಅದನ್ನು ಓದಿದವರಿಗೆ ಅಪ್ಪನ ಪರಿಚಯವಾಗುತ್ತದೆ, ಮಗಳ ಪರಿಚಯವಾಗುವುದಿಲ್ಲ. ಪ್ರಬಂಧದಲ್ಲಿ ಮಗಳು ಯಾವ ಸಾಲಿನಲ್ಲಿ ಒಳಗೆ ಬರುತ್ತಾಳೆ ಎಂದು ಗುರುತು ಹಾಕಿ ನೋಡಿ. ಅದು ಮೂರನೇ ಪ್ಯಾರಾ ಆಗಿದ್ದರೆ ಮೊದಲೆರಡನ್ನು ಎರಡು ವಾಕ್ಯಕ್ಕೆ ಇಳಿಸಬೇಕು.

ತಿದ್ದಿಕೊಡುವ ನೆಪದಲ್ಲಿ ನೀವೇ ಬರೆಯಬೇಡಿ. ಹದಿನೇಳರ ಹುಡುಗಿಯ ಇಂಗ್ಲಿಷ್ ಮತ್ತು ನಲವತ್ತೆಂಟರ ಇಂಜಿನಿಯರ್‌ನ ಇಂಗ್ಲಿಷ್ ನಡುವಿನ ವ್ಯತ್ಯಾಸ ಓದುವವರಿಗೆ ಕೂಡಲೇ ತಿಳಿಯುತ್ತದೆ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದನ್ನು ತನ್ನದೆಂದು ಕೊಡುವುದನ್ನು ಕಾಮನ್ ಆಪ್ ವಂಚನೆಯ ಪಟ್ಟಿಗೇ ಸೇರಿಸಿದೆ.

ಹೆಚ್ಚು ಲಾಭ ತರುವ ತಿದ್ದುಪಡಿ ಇರುವುದು ಚಟುವಟಿಕೆಗಳ ಭಾಗದಲ್ಲಿ. ಹತ್ತು ಚಟುವಟಿಕೆಗಳಿಗೆ ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ. ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ವಾರಾಂತ್ಯದ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಒಬ್ಬ ಹುಡುಗನನ್ನು ಉದಾಹರಣೆಗೆ ತೆಗೆದುಕೊಳ್ಳಿ. ‘ಕನ್ನಡ ಶಾಲೆಯಲ್ಲಿ ಶಿಕ್ಷಕರಿಗೆ ಸಹಾಯ ಮಾಡಿದೆ, ಇದರಿಂದ ನಾಯಕತ್ವ ಕಲಿತೆ’ ಎಂದು ಬರೆದರೆ ಜಾಗ ಹಾಳು. ‘14 ಮಕ್ಕಳಿಗೆ ಪ್ರತಿ ಶನಿವಾರ ಪಾಠ, ಒತ್ತಕ್ಷರ ಕಲಿಸಲು ಕಾರ್ಡ್ ಆಟ ಮಾಡಿದೆ, ಈಗ ಮೂರು ತರಗತಿಗಳಲ್ಲಿ ಅದೇ ಬಳಕೆ’ ಎಂದರೆ ಆ ಹುಡುಗ ಕಣ್ಣಿಗೆ ಕಾಣುತ್ತಾನೆ. ಪೂರ್ಣ ವಾಕ್ಯ ಬೇಕಿಲ್ಲ. ‘ನಾನು’ ಬೇಕಿಲ್ಲ. ಸಂಸ್ಥೆಯ ಹೆಸರಿಗೆ ಬೇರೆ ಜಾಗ ಇದೆ, ವಿವರಣೆಯಲ್ಲಿ ಮತ್ತೆ ಬರೆಯಬೇಕಿಲ್ಲ.

ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದೂ ಕೇಳುತ್ತಾರೆ. ಹತ್ತೂ ಚಟುವಟಿಕೆಗಳ ಗಂಟೆಗಳನ್ನು ಕೂಡಿ ನೋಡಿ. ಶಾಲೆ ನಡೆಯುವ ವಾರಗಳಲ್ಲಿ ಮೊತ್ತ 50 ದಾಟಿದರೆ ಓದುವವರು ನಂಬುವುದಿಲ್ಲ. ಇನ್ನು, ಮಕ್ಕಳು ಬಿಟ್ಟೇಬಿಡುವ ಒಂದು ಸಂಗತಿ ಇದೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದಾಗ ತಂಗಿಯನ್ನು ನೋಡಿಕೊಳ್ಳುವುದು, ಊರಿಂದ ಬಂದ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು ಡಾಕ್ಟರ ಮಾತನ್ನು ಕನ್ನಡದಲ್ಲಿ ತಿಳಿಸಿ ಹೇಳುವುದು. ಕುಟುಂಬದ ಜವಾಬ್ದಾರಿ ಎಂಬ ವರ್ಗವೇ ಆ ಪಟ್ಟಿಯಲ್ಲಿದೆ. ಧಾರಾಳವಾಗಿ ಹಾಕಬಹುದು.

‘ನಮ್ಮ ಕಾಲೇಜೇ ಏಕೆ’ ಎಂಬ ಪೂರಕ ಪ್ರಬಂಧಕ್ಕೆ ಒಂದು ಕಾಲೇಜಿಗೆ ಅರ್ಧ ದಿನ ಕೊಡಿ. ಬೇಕಾದ ವಿಭಾಗದ ಕೋರ್ಸ್ ಪಟ್ಟಿ ತೆರೆದು, ಎರಡನೇ ಮೂರನೇ ವರ್ಷದ ಒಂದೆರಡು ಕೋರ್ಸ್‌ಗಳ ವಿವರಣೆಯನ್ನು ಪೂರ್ತಿ ಓದಿ, ಅದಕ್ಕೂ ತಾನು ಈಗಾಗಲೇ ಮಾಡಿರುವ ಕೆಲಸಕ್ಕೂ ಏನು ನಂಟು ಎಂದು ಬರೆಯಬೇಕು. ಚೆಂದದ ಕ್ಯಾಂಪಸ್, ಪ್ರಸಿದ್ಧ ಪ್ರಾಧ್ಯಾಪಕರು ಎಂದು ಬರೆದದ್ದು ಯಾವ ಕಾಲೇಜಿಗೂ ಹೊಂದುತ್ತದೆ. ಒಂದು ಕಾಲೇಜಿನ ಪ್ರಬಂಧವನ್ನು ಇನ್ನೊಂದಕ್ಕೆ ಒಗ್ಗಿಸುವಾಗ ಹಳೆಯ ಕಾಲೇಜಿನ ಹೆಸರು ಉಳಿದುಹೋಗುವುದು ಪ್ರತಿ ವರ್ಷವೂ ನಡೆಯುವ ಅನಾಹುತ. ಮನೆಯ ಇನ್ನೊಬ್ಬರು ಪಿಡಿಎಫ್‌ನಲ್ಲಿ ಹೆಸರನ್ನಷ್ಟೇ ಹುಡುಕಿ ನೋಡಿದರೂ ಸಾಕು.

ಸಲ್ಲಿಸುವುದು ಒಂದೇ ಗುಂಡಿಯ ಕೆಲಸವಲ್ಲ

ಶುಲ್ಕ ಕಟ್ಟಿದೊಡನೆ ಅರ್ಜಿ ಹೋಯಿತು ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದವರಿದ್ದಾರೆ. ಕಾಮನ್ ಆಪ್‌ನಲ್ಲಿ ಪಿಡಿಎಫ್ ಪರಿಶೀಲನೆ, ಶುಲ್ಕ, ಸಹಿ, ಸಲ್ಲಿಕೆ ಇವೆಲ್ಲ ಬೇರೆ ಬೇರೆ ಹೆಜ್ಜೆಗಳು. ಕೆಲವು ಕಾಲೇಜುಗಳ ಪೂರಕ ಪ್ರಬಂಧದ ಭಾಗವನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು. ಅರ್ಜಿ ಹೋದ ಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿ ಭಾಗದ ಎದುರೂ ಹಸಿರು ಗುರುತು ಬಂದಿದೆಯೇ ನೋಡಬೇಕು. ಪಿಡಿಎಫ್ ತೆರೆದಾಗ ಕೊನೆಯ ಸಾಲು ಕತ್ತರಿಸಿ ಹೋಗಿರುವುದು, ನಕಲು ಮಾಡಿ ಅಂಟಿಸಿದ ಪಠ್ಯದಲ್ಲಿ ಪ್ಯಾರಾಗಳೆಲ್ಲ ಒಂದಾಗಿರುವುದು ಆಗಲೇ ಕಾಣುವುದು. ಪರದೆಯ ಪೆಟ್ಟಿಗೆಯಲ್ಲಿ ಕಾಣುವುದಿಲ್ಲ.

ಜನವರಿ 1ರ ಗಡುವಿಗೆ ಡಿಸೆಂಬರ್ 29ರಂದೇ ಕಳಿಸಿ. ಕೊನೆಯ ರಾತ್ರಿ ಜಾಲತಾಣ ನಿಧಾನವಾಗುತ್ತದೆ, ಕಾರ್ಡ್ ತಿರಸ್ಕೃತವಾಗುತ್ತದೆ, ಸಹಾಯಕ್ಕೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ದಿನ ಕಳೆದಿರುತ್ತದೆ.

ರಜೆಗೆ ಊರಿಗೆ ಹೊರಟವರಿಗೆ ಇದು ಇನ್ನೂ ಮುಖ್ಯ. ಚಳಿಗಾಲದಲ್ಲಿ ಭಾರತ ನ್ಯೂಯಾರ್ಕ್‌ಗಿಂತ ಹತ್ತೂವರೆ ಗಂಟೆ ಮುಂದೆ, ಕ್ಯಾಲಿಫೋರ್ನಿಯಾಕ್ಕಿಂತ ಹದಿಮೂರೂವರೆ ಗಂಟೆ ಮುಂದೆ. ಕಾಮನ್ ಆಪ್ ಗಡುವುಗಳು ಹೆಚ್ಚಾಗಿ ಅರ್ಜಿದಾರ ಇರುವ ಜಾಗದ ರಾತ್ರಿ 11:59ಕ್ಕೆ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ರಾತ್ರಿಯ ಲೆಕ್ಕ ಹಿಡಿದರೆ ಗಡುವು ತಪ್ಪಬಹುದು. ಎರಡನೆಯ ತೊಡಕು ಫೋನಿನದು. ಫಾಫ್ಸಾ (ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿಗೆ ತುಂಬುವ ಅರ್ಜಿ) ಖಾತೆ, ಬ್ಯಾಂಕ್ ಕಾರ್ಡ್ ಎರಡೂ ಅಮೆರಿಕದ ನಂಬರಿಗೆ ಕೋಡ್ ಕಳಿಸುತ್ತವೆ. ಆ ಸಿಮ್ ಊರಿನಲ್ಲಿ ಕೆಲಸ ಮಾಡದಿದ್ದರೆ ಅಲ್ಲಿಗೇ ನಿಂತಿತು. ಹೊರಡುವ ಮುಂಚೆ ಫಾಫ್ಸಾ ಖಾತೆಗೆ ಅಥೆಂಟಿಕೇಟರ್ ಆ್ಯಪ್ ಜೋಡಿಸಿ, ಬ್ಯಾಕಪ್ ಕೋಡ್ ಬರೆದಿಟ್ಟುಕೊಳ್ಳಿ. ತೆರಿಗೆ ಕಾಗದಗಳ ಸ್ಕ್ಯಾನ್ ಜೊತೆಗಿರಲಿ.

ಹಣದ ಲೆಕ್ಕ

ಇದಕ್ಕೆ ಒಂದು ಪೂರ್ತಿ ದಿನ ತೆಗೆದಿಡಿ, ಮಗುವನ್ನೂ ಕೂರಿಸಿಕೊಳ್ಳಿ. ಮಕ್ಕಳ ಮುಂದೆ ದುಡ್ಡಿನ ಮಾತು ಬೇಡ ಎನ್ನುವ ನಮ್ಮ ಅಭ್ಯಾಸ ಇಲ್ಲಿ ಕೆಡುಕು ಮಾಡುತ್ತದೆ. ವರ್ಷಕ್ಕೆ ಇಷ್ಟು ಕೊಡಬಲ್ಲೆವು ಎಂಬ ಸಂಖ್ಯೆ ಅವಳಿಗೆ ಗೊತ್ತಿದ್ದರೆ ಪಟ್ಟಿಯನ್ನು ಅವಳೇ ಬೇರೆ ಕಣ್ಣಿನಿಂದ ನೋಡುತ್ತಾಳೆ.

ಮೊದಲು ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್, ಅಂದರೆ ನೆರವು ಕಳೆದು ನಿಮ್ಮ ಮನೆಗೆ ಬೀಳುವ ಖರ್ಚನ್ನು ಅಂದಾಜು ಮಾಡುವ ಸಾಧನ. 2011ರಿಂದ ಪ್ರತಿ ಕಾಲೇಜೂ ಇದನ್ನು ತನ್ನ ಜಾಲತಾಣದಲ್ಲಿ ಇಡಲೇಬೇಕು. ತೆರಿಗೆ ರಿಟರ್ನ್, ಡಬ್ಲ್ಯು-2 (ವರ್ಷದ ಸಂಬಳದ ಪತ್ರ), ಖಾತೆಗಳಲ್ಲಿರುವ ಹಣದ ವಿವರ ಎದುರಿಗಿಟ್ಟುಕೊಂಡರೆ ಒಂದು ಕಾಲೇಜಿಗೆ ಕಾಲು ಗಂಟೆ ಸಾಕು. ಹೊರಗೆ ಬರೆದಿರುವ ಬೆಲೆ ನೋಡಿ ಹೆದರುವುದೂ ತಪ್ಪು, ಧೈರ್ಯ ತಂದುಕೊಳ್ಳುವುದೂ ತಪ್ಪು. ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಊಟ ವಸತಿ ಸೇರಿ ವರ್ಷದ ಖರ್ಚು 90 ಸಾವಿರ ಡಾಲರ್ ದಾಟಿದ ಉದಾಹರಣೆಗಳಿವೆ. ಅದೇ ಹೊತ್ತಿಗೆ ಹಾರ್ವರ್ಡ್ ಮತ್ತು ಎಂಐಟಿ 2025ರಿಂದ, ಸಾಧಾರಣ ಆಸ್ತಿಯಿದ್ದು 2 ಲಕ್ಷ ಡಾಲರ್‌ವರೆಗೆ ಆದಾಯ ಇರುವ ಕುಟುಂಬಗಳಿಗೆ ಬೋಧನಾ ಶುಲ್ಕವೇ ಇಲ್ಲ ಎಂದಿವೆ. ಇಬ್ಬರೂ ಐಟಿಯಲ್ಲಿ ದುಡಿಯುವ ಮನೆಯ ಆದಾಯ ಇದಕ್ಕಿಂತ ಬಹಳ ಮೇಲಿದ್ದರೆ, ಹಾರ್ವರ್ಡ್, ಯೇಲ್ ಸೇರಿದ ಎಂಟು ಐವಿ ಲೀಗ್ ಕಾಲೇಜುಗಳಲ್ಲಿ ಪೂರ್ತಿ ಬೆಲೆಗೇ ಸಿದ್ಧರಾಗಬೇಕು. ಏಕೆಂದರೆ ಆ ಎಂಟೂ ಕಡೆ ಪ್ರತಿಭೆಯ ಆಧಾರದ ವಿದ್ಯಾರ್ಥಿವೇತನ ಇಲ್ಲವೇ ಇಲ್ಲ, ಅಗತ್ಯ ನೋಡಿ ಕೊಡುವುದು ಮಾತ್ರ. ಅಂಥ ಮನೆಗೆ ನಿಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಅಥವಾ ಪ್ರತಿಭಾ ವೇತನ ಕೊಡುವ ಖಾಸಗಿ ಕಾಲೇಜು ಪಟ್ಟಿಯಲ್ಲಿರಲೇಬೇಕು.

ಎರಡನೆಯದು ಫಾಫ್ಸಾ. ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುವ ಈ ಫಾರ್ಮ್ ಎರಡು ವರ್ಷ ಹಿಂದಿನ ಆದಾಯ ನೋಡುತ್ತದೆ. 2026ರಲ್ಲಿ ಕಾಲೇಜು ಸೇರುವವರಿಗೆ 2024ರ ತೆರಿಗೆ ಲೆಕ್ಕಕ್ಕೆ ಬರುತ್ತದೆ. ವಿದ್ಯಾರ್ಥಿಗೂ ಪೋಷಕರಿಗೂ ಬೇರೆ ಬೇರೆ ಖಾತೆ ಬೇಕು. ದಂಪತಿ ಜಂಟಿಯಾಗಿ ತೆರಿಗೆ ಸಲ್ಲಿಸಿದ್ದರೆ ಒಬ್ಬರ ಖಾತೆ ಸಾಕು. ತೆರಿಗೆ ಮಾಹಿತಿ ನೇರವಾಗಿ ಪಡೆಯಲು ಒಪ್ಪಿಗೆ ಕೊಡದಿದ್ದರೆ ಫಾರ್ಮ್ ತುಂಬಿಯೂ ಕೇಂದ್ರದ ನೆರವು ಸಿಗುವುದಿಲ್ಲ.

ನಮ್ಮವರಲ್ಲಿ ಹರಡಿರುವ ಒಂದು ತಪ್ಪು ತಿಳಿವಳಿಕೆ ತುಂಬ ನಷ್ಟ ಮಾಡಿದೆ. ಅಪ್ಪ ಎಚ್-1ಬಿ ಕೆಲಸದ ವೀಸಾದಲ್ಲಿ, ಅಮ್ಮ ಅವರ ಕುಟುಂಬಕ್ಕೆ ಸಿಗುವ ಎಚ್-4 ವೀಸಾದಲ್ಲಿ, ಮಗು ಅಮೆರಿಕದಲ್ಲಿ ಹುಟ್ಟಿದ್ದು. ನಮಗೆ ಗ್ರೀನ್ ಕಾರ್ಡ್ ಇಲ್ಲ, ಆದ್ದರಿಂದ ಫಾಫ್ಸಾ ಇಲ್ಲ ಎಂದು ಸುಮ್ಮನಾಗುತ್ತಾರೆ. ಹಾಗಲ್ಲ. ನೋಡುವುದು ವಿದ್ಯಾರ್ಥಿಯ ಪೌರತ್ವವನ್ನು. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಪೋಷಕರೂ ಖಾತೆ ತೆರೆಯಬಹುದು.

ಆದಾಯ ಹೆಚ್ಚಿದೆ, ಏನೂ ಬರುವುದಿಲ್ಲ ಎಂದು ಬಿಡುವುದೂ ಸರಿಯಲ್ಲ. ಕೇಂದ್ರದ ವಿದ್ಯಾರ್ಥಿ ಸಾಲಕ್ಕೆ ಆದಾಯದ ಮಿತಿ ಇಲ್ಲ, ಆದರೆ ಫಾಫ್ಸಾ ಬೇಕು. ಪೋಷಕರ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500 ಡಾಲರ್. ನಾಲ್ಕು ವರ್ಷಕ್ಕೆ 27,000. ಉಳಿದದ್ದನ್ನು ಪೋಷಕರು ಕೇಂದ್ರದಿಂದ ತೆಗೆಯುವ ಪ್ಲಸ್ ಸಾಲದಿಂದ ತುಂಬಿಸಿಕೊಳ್ಳೋಣ ಎನ್ನುವವರು ಗಮನಿಸಬೇಕು: 2026ರ ಜುಲೈ 1ರಿಂದ ಹೊಸದಾಗಿ ಆ ಸಾಲ ತೆಗೆಯುವವರಿಗೆ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿ ಬಂದಿದೆ.

ಊರಿನ ಆಸ್ತಿಯ ವಿಚಾರ ನಮ್ಮ ಮನೆಗಳದೇ ಪ್ರಶ್ನೆ. ನೀವು ವಾಸವಿರುವ ಮನೆ, 401(ಕೆ) ಥರದ ನಿವೃತ್ತಿ ಖಾತೆಗಳು ಫಾಫ್ಸಾ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮೈಸೂರಿನ ಸೈಟು, ಬಾಡಿಗೆಗೆ ಕೊಟ್ಟ ಬೆಂಗಳೂರಿನ ಫ್ಲ್ಯಾಟು, ಎನ್‌ಆರ್‌ಇ ಠೇವಣಿ ಇವೆಲ್ಲ ನಿಮ್ಮ ಹೆಸರಿನಲ್ಲಿದ್ದರೆ ಬರುತ್ತವೆ. ಸಾಲ ಕಳೆದು ಉಳಿಯುವ ಮೌಲ್ಯವನ್ನು, ಫಾರ್ಮ್‌ಗೆ ಸಹಿ ಹಾಕುವ ದಿನದ ಡಾಲರ್ ದರದಲ್ಲಿ ತೋರಿಸಬೇಕು. ತಂದೆಯವರ ಹೆಸರಿನಲ್ಲೇ ಇರುವ ತೋಟ ನಿಮ್ಮದಲ್ಲ, ಬರೆಯಬೇಕಿಲ್ಲ.

ಇದರಿಂದ ಆಗುವ ವ್ಯತ್ಯಾಸ ಎಷ್ಟು? ಪೋಷಕರ ಆಸ್ತಿಯ 12 ಶೇಕಡಾವನ್ನು ಆದಾಯಕ್ಕೆ ಸೇರಿಸಿ, ಅದರ ಮೇಲೆ ಹೆಚ್ಚೆಂದರೆ 47 ಶೇಕಡಾ ಹಿಡಿಯುತ್ತಾರೆ. ಎರಡನ್ನೂ ಗುಣಿಸಿದರೆ 5.64 ಶೇಕಡಾ. 80,000 ಡಾಲರ್ ಬೆಲೆಯ ಸೈಟು, ನೀವೇ ಕೊಡಬಲ್ಲಿರಿ ಎಂದು ಫಾಫ್ಸಾ ಲೆಕ್ಕ ಹಿಡಿಯುವ ಮೊತ್ತವನ್ನು ವರ್ಷಕ್ಕೆ ಸುಮಾರು 4,500 ಡಾಲರ್ ಏರಿಸಬಹುದು, ಅದಕ್ಕಿಂತ ಹೆಚ್ಚಿಲ್ಲ. ಅದೇ ಹಣ ಮಗುವಿನ ಹೆಸರಿನ ಖಾತೆಯಲ್ಲಿದ್ದರೆ 20 ಶೇಕಡಾ ಹಿಡಿಯುತ್ತಾರೆ, ಅಂದರೆ 16,000. ಮುಚ್ಚಿಡುವುದು ಮಾತ್ರ ಬೇಡ. ಪರಿಶೀಲನೆಗೆ ಆಯ್ಕೆಯಾದರೆ ಕಾಗದ ಕೇಳುತ್ತಾರೆ, ಸುಳ್ಳು ಮಾಹಿತಿ ಕಾನೂನಿನ ಪ್ರಕಾರ ಅಪರಾಧ.

ಮೂರನೆಯದು ಸಿಎಸ್‌ಎಸ್ ಪ್ರೊಫೈಲ್. ಹೆಚ್ಚಾಗಿ ಖಾಸಗಿ ಕಾಲೇಜುಗಳು ಕೇಳುತ್ತವೆ. ಫಾಫ್ಸಾ ಬಿಟ್ಟದ್ದನ್ನೂ, ಅಂದರೆ ವಾಸದ ಮನೆಯ ಮೌಲ್ಯವನ್ನೂ, ಕೇಳುವ ದೀರ್ಘ ಫಾರ್ಮ್ ಇದು. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಒಂದೊಂದಕ್ಕೆ 16. ಆದಾಯ 1 ಲಕ್ಷ ಡಾಲರ್‌ವರೆಗಿದ್ದರೆ ಇಲ್ಲಿನ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲ. ಗಡುವು ಕಾಲೇಜಿಗೊಂದು, ಅನೇಕ ಕಡೆ ಫೆಬ್ರವರಿಯಲ್ಲಿ. ರಾಜ್ಯದ ನೆರವಿಗೂ ಬೇರೆ ದಿನಾಂಕ ಇರುತ್ತದೆ, ಕ್ಯಾಲಿಫೋರ್ನಿಯಾದ ಕ್ಯಾಲ್ ಗ್ರಾಂಟ್‌ಗೆ ಮಾರ್ಚ್ 2. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಮಗುವೇ ಎಚ್-4 ವೀಸಾದಲ್ಲಿದ್ದರೆ ದಾರಿ ಕಷ್ಟದ್ದು. ಕೇಂದ್ರದ ನೆರವು ಇಲ್ಲ, ಕೆಲಸ ಮಾಡಿ ಗಳಿಸುವ ಅನುಮತಿಯೂ ಇಲ್ಲ, 21 ತುಂಬಿದಾಗ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗಬಹುದು. ರಾಜ್ಯದ ನಿವಾಸಿ ದರದ ಶುಲ್ಕ ಸಿಗುವುದೋ ಇಲ್ಲವೋ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಂಥ ಮನೆಯವರು ರಜೆಯಲ್ಲೇ ಪ್ರತಿ ಕಾಲೇಜಿಗೂ ಎರಡು ಪ್ರಶ್ನೆ ಇಮೇಲ್ ಮಾಡಿಡಬೇಕು: ಎಚ್-4 ವಿದ್ಯಾರ್ಥಿಯನ್ನು ನೆರವಿನ ಮಟ್ಟಿಗೆ ವಿದೇಶಿ ಎಂದು ಪರಿಗಣಿಸುತ್ತೀರಾ? ನಿವಾಸಿ ದರಕ್ಕೆ ಯಾವ ದಾಖಲೆ ಬೇಕು? ಉತ್ತರ ಲಿಖಿತವಾಗಿರಲಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್, ಬೌಡನ್ ವಿದೇಶಿಯರ ಅರ್ಜಿಯನ್ನೂ ಹಣಕಾಸಿನ ಸ್ಥಿತಿ ನೋಡದೆ ತೂಗುತ್ತವೆ, ಆದರೆ ಅಲ್ಲಿ ಸೀಟು ಸಿಗುವುದೇ ದುರ್ಲಭ.

ಲೆಕ್ಕ ಯಾವ ಕಡೆಯಿಂದಲೂ ಹೊಂದುತ್ತಿಲ್ಲವೆಂದರೆ ಕಮ್ಯುನಿಟಿ ಕಾಲೇಜನ್ನು, ಅಂದರೆ ಮೊದಲೆರಡು ವರ್ಷ ಕಡಿಮೆ ಖರ್ಚಿನಲ್ಲಿ ಓದಿ ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋಗಬಹುದಾದ ಸ್ಥಳೀಯ ಕಾಲೇಜನ್ನು, ಗಂಭೀರವಾಗಿ ನೋಡಿ. ನಮ್ಮವರಲ್ಲಿ ಅದರ ಬಗ್ಗೆ ಇರುವ ತಾತ್ಸಾರಕ್ಕೆ ಆಧಾರವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರು ಯುಸಿ ಕ್ಯಾಂಪಸ್‌ಗಳು ನಿಗದಿತ ವಿಷಯ, ಗ್ರೇಡ್ ಮುಗಿಸಿದ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳಿಗೆ ಖಾತರಿ ಪ್ರವೇಶ ಒಪ್ಪಂದ ಕೊಡುತ್ತವೆ. ಎಲ್ಲ ಕೋರ್ಸಿಗೂ ಅಲ್ಲ. ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್‌ನಂಥವು ಕೆಲವು ಕ್ಯಾಂಪಸ್‌ಗಳಲ್ಲಿ ಹೊರಗಿವೆ, ಮೊದಲೇ ನೋಡಿಕೊಳ್ಳಬೇಕು.

ರಜೆ ಮುಗಿದ ವಾರ

ಅರ್ಜಿ ತಲುಪಿದ ಮೇಲೆ ಪ್ರತಿ ಕಾಲೇಜೂ ತನ್ನ ಪೋರ್ಟಲ್‌ನ ಲಾಗಿನ್ ಅನ್ನು ಇಮೇಲ್ ಮಾಡುತ್ತದೆ. ಹಲವು ಸಲ ಅದು ಸ್ಪ್ಯಾಮ್‌ಗೆ ಹೋಗಿ ಬಿದ್ದಿರುತ್ತದೆ. ಯಾವ ಕಾಗದ ಬಂದಿದೆ, ಯಾವುದು ಬಂದಿಲ್ಲ ಎನ್ನುವುದು ಕಾಣುವುದು ಆ ಪೋರ್ಟಲ್‌ನಲ್ಲಿ ಮಾತ್ರ. ಟ್ರಾನ್ಸ್‌ಕ್ರಿಪ್ಟ್ ಬಂದಿಲ್ಲ ಎಂದು ಒಂದು ವಾರ ತೋರಿಸಿದರೆ ಗಾಬರಿ ಬೇಡ, ಜನವರಿಯಲ್ಲಿ ರಾಶಿ ಬಿದ್ದ ಕಾಗದಗಳನ್ನು ಜೋಡಿಸಲು ಅವರಿಗೂ ಸಮಯ ಬೇಕು. ಎರಡು ವಾರ ದಾಟಿದರೆ ಕೌನ್ಸೆಲರ್‌ಗೆ ಹೇಳಿ.

ಮೊದಲ ಸೆಮಿಸ್ಟರ್ ಕೆಲವು ಶಾಲೆಗಳಲ್ಲಿ ರಜೆಗೆ ಮುಂಚೆಯೇ ಮುಗಿಯುತ್ತದೆ, ಕೆಲವು ಕಡೆ ಪರೀಕ್ಷೆ ಜನವರಿ ಕೊನೆಗೆ. ಎರಡನೆಯ ಬಗೆಯ ಶಾಲೆಯಾದರೆ ರಜೆಯ ಕೊನೆಯ ಮೂರು ದಿನ ಅರ್ಜಿ, ಪ್ರಬಂಧ ಎಲ್ಲ ಮುಚ್ಚಿಟ್ಟು ಪಾಠಪುಸ್ತಕ ತೆರೆಯಬೇಕು. ಈ ಗ್ರೇಡುಗಳೇ ಮಿಡ್-ಇಯರ್ ರಿಪೋರ್ಟ್ ಆಗಿ ಕಾಲೇಜಿಗೆ ಹೋಗುವುದು, ಅರ್ಜಿ ಓದುವವರು ಮಾರ್ಚ್‌ಗೆ ಮುಂಚೆ ಕೊನೆಯದಾಗಿ ನೋಡುವ ಅಂಕಪಟ್ಟಿ ಅದೇ. ಶಾಲೆ ತೆರೆದ ಮೊದಲ ದಿನವೇ ಮಗು ಕೌನ್ಸೆಲರ್ ಬಳಿ ಹೋಗಿ, ಯಾವ ಯಾವ ಕಾಲೇಜಿಗೆ ಆ ವರದಿ ಹೋಗಬೇಕು ಎಂಬ ಪಟ್ಟಿಯನ್ನು ಕೊಟ್ಟು ಬರಲಿ. ರಜೆಯಲ್ಲಿ ಹೊಸದಾಗಿ ಸೇರಿಸಿದ ಕಾಲೇಜಿನ ಹೆಸರು ಅವರ ಬಳಿ ಇರುವುದಿಲ್ಲ.